ಬಣ್ಣ ನಂಬದ ಪೇಂಟರ್

ಅವರ ಬಲಗೈ ಹೆಬ್ಬೆರಳಿನ ಉಗುರು ಎಮ್ಮೆ ಕೋಡಿನ ಚೂರಿನಂತೆ ದಪ್ಪಗೆ, ಹಳದಿಗಟ್ಟಿ, ತುದಿಯಲ್ಲಿ ಓರೆಯಾಗಿ ಸವೆದಿತ್ತು. ಉಗುರಿನ ಸಂದಿಯಲ್ಲಿ ಯಾವತ್ತೂ ಬಣ್ಣ. ನೀಲಿ ಇದ್ದರೆ ಈ ವಾರ ಯಾವುದೋ ಲಾರಿ, ಕೆಂಪಿದ್ದರೆ ಯಾರದೋ ಟಾಂಗಾ ಎಂದು ನಾವು ಊಹಿಸುತ್ತಿದ್ದೆವು. ಬೆಟಗೇರಿಯಲ್ಲಿ ನೇಕಾರರ ಓಣಿ ದಾಟಿದ ಮೇಲೆ, ಬೇವಿನ ಮರದ ಕೆಳಗೆ ತಗಡಿನ ಚಪ್ಪರ ಹಾಕಿಕೊಂಡು ಗಾಡಿಗಳಿಗೆ ಬಣ್ಣ ಹಚ್ಚುತ್ತಿದ್ದ ಅವರನ್ನು ಹಿಂದೂ ಮುಸಲ್ಮಾನ ಎನ್ನದೆ ಎಲ್ಲರೂ ಪೇಂಟರ್ ಚಾಚಾ ಎಂದೇ ಕರೆಯುತ್ತಿದ್ದೆವು. ಆ ಉಗುರಿನಿಂದ ಗಾಡಿಯ ಬಾಗಿಲ ಕೆಳಗೆ ಒಂದು ಗೀರು ಎಳೆದು, ಉದುರಿದ ಪುಡಿಯನ್ನು ಬೆಳಕಿಗೆ ಹಿಡಿದು, ಮೂಸಿ ನೋಡಿ, ಅವರು ಆ ಗಾಡಿಯ ಜಾತಕ ಹೇಳುತ್ತಿದ್ದರು.

"ಇದು ಮೂರನೇ ಬಣ್ಣ. ಕೆಳಗ ನೀಲಿ ಐತಿ, ಅದರ ಕೆಳಗ ಮಿಲಿಟರಿ ಹಸರು. ನೀಲಿ ಇದ್ದಾಗ ಎಲ್ಲೋ ಒಮ್ಮಿ ಪಲ್ಟಿ ಹೊಡದೈತಿ. ಮಾರಿದಾಂವ ಇದನ್ನ ಹೇಳ್ಯಾನೇನು ನಿಮಗ?"

ನನ್ನ ಕಾರಿನ ಬಗ್ಗೆ ಅವರು ಆಡಿದ ಮೊದಲ ಮಾತು ಇದು. ಮಾರಿದವನು ಹೇಳಿರಲಿಲ್ಲ. ಅವರ ಕೈಯಿಂದಲೇ ಅದಕ್ಕೆ ಮರೂನ್ ಬಣ್ಣ ಹಚ್ಚಿಸಿದೆ. ಹಚ್ಚುವಾಗಲೂ ಗೊಣಗಾಟ ನಿಲ್ಲಲಿಲ್ಲ. "ಬಣ್ಣ ಸುಳ್ಳ ಹೇಳಂಗಿಲ್ಲರಿ. ಹಚ್ಚಿಸಿದಾಂವ ಹೇಳ್ತಾನ," ಎನ್ನುತ್ತ ಬ್ರಶ್ ಎಳೆಯುತ್ತಿದ್ದರು.

ಬಣ್ಣ ಹಚ್ಚಿಯೇ ಹೊಟ್ಟೆ ಹೊರೆಯುವ ಮನುಷ್ಯನಿಗೆ ಬಣ್ಣದ ಮೇಲೆ ಕಾಸಿನಷ್ಟೂ ನಂಬಿಕೆ ಇರಲಿಲ್ಲ. ಸಂತೆಯಲ್ಲಿ ಮಿರಿಮಿರಿ ಮಿಂಚುವ ಬದನೆಕಾಯಿ ಕಂಡರೆ ಸರಿದು ಮುಂದೆ ಹೋಗುತ್ತಿದ್ದರು. ಹೋಟೆಲಿನಲ್ಲಿ ಚಹಾ ಬಂದರೆ ಮೊದಲು ಕಪ್ಪು-ಬಸಿಯ ತಳ ನೋಡುತ್ತಿದ್ದರು. ತಮ್ಮ ಮಗನಿಗೆ ಹೆಣ್ಣು ನೋಡಲು ಹೋದಾಗ ಎಲ್ಲರೂ ಹುಡುಗಿಯ ಮುಖ ನೋಡುತ್ತ ಕುಳಿತರೆ ಇವರು ಕೈ ತೊಳೆಯುವ ನೆಪದಲ್ಲಿ ಆ ಮನೆಯ ಹಿತ್ತಿಲು ನೋಡಿಕೊಂಡು ಬಂದಿದ್ದರಂತೆ. "ಹಿತ್ತಲಾ ಸ್ವಚ್ಛ ಇತ್ತು, ಹೂಂ ಅಂದೆ," ಎಂದು ಒಮ್ಮೆ ಹೇಳಿದರು. ಸೊಸೆ ಒಳ್ಳೆಯವಳೇ ಆದಳು, ಆ ಮಾತು ಬೇರೆ.

ನಾನೂ ಸಂಶಯದ ಪ್ರಾಣಿಯೇ. ಗದಗಿನಲ್ಲಿ ಸಣ್ಣ ಛಾಪಖಾನೆ ಇಟ್ಟವನು. ದಿನವೆಲ್ಲ ಕರಡು ತಿದ್ದುತ್ತ ಎಲ್ಲಿ ತಪ್ಪಿದೆ ಎಂದು ಹುಡುಕುವುದೇ ಕಸುಬಾದವನಿಗೆ ಸರಿಯಿರುವುದೂ ತಪ್ಪಾಗಿಯೇ ಕಾಣುತ್ತದೆ. ಅಂಗಡಿಯವನು ಚಿಲ್ಲರೆ ಸರಿಯಾಗಿ ಕೊಟ್ಟರೆ ಇವತ್ತೇಕೆ ಸರಿಯಾಗಿ ಕೊಟ್ಟ ಎಂದು ಯೋಚಿಸುವವನು ನಾನು. ಆದರೆ ಚಾಚಾನ ಸಂಶಯಕ್ಕೂ ನನ್ನದಕ್ಕೂ ಅಂತರವಿತ್ತು. ಅವರು ವಸ್ತುವನ್ನು ಸಂಶಯಿಸುತ್ತಿದ್ದರು, ನಾನು ಮನುಷ್ಯರನ್ನು. ಇದು ಆಗ ನನಗೆ ತಿಳಿದಿರಲಿಲ್ಲ.

ಇನ್ನು ಗಾಡಿ ಪಂದ್ಯದ ಸಂಗತಿ. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ಕಡೆ ಮಿಲಿಟರಿಯವರು ಹರಾಜು ಹಾಕಿದ ಜೀಪುಗಳು, ಸಾಹುಕಾರರು ಬಿಸಾಕಿದ ವಿಲಾಯತಿ ಕಾರುಗಳು ಅಲ್ಲಲ್ಲಿ ಸೇರಿಕೊಂಡಿದ್ದವು. ಹಿಂಗಾರಿ ಜೋಳ ಕಿತ್ತ ಮೇಲೆ, ಎರೆ ಹೊಲ ಖಾಲಿ ಬಿದ್ದಾಗ, ಒಂದು ವರ್ಷ ಲಕ್ಷ್ಮೇಶ್ವರದ ಹತ್ತಿರ, ಒಂದು ವರ್ಷ ಶಿರಹಟ್ಟಿಯ ಹತ್ತಿರ, ಇನ್ನೊಂದು ವರ್ಷ ಮುಂಡರಗಿಯ ಕಡೆ ಈ ಗಾಡಿಗಳನ್ನು ಓಡಿಸುತ್ತಿದ್ದೆವು. ಹೊಲದ ಸುತ್ತ ನಾಲ್ಕು ಸುತ್ತು. ಮೊದಲು ಬಂದವನಿಗೆ ಒಂದು ರುಮಾಲು, ಒಂದು ತೆಂಗಿನಕಾಯಿ. ಅದಕ್ಕಾಗಿ ನಾವು ವರ್ಷವಿಡೀ ಕನಸು ಕಾಣುತ್ತಿದ್ದೆವು, ನಗಬೇಡಿ.

ಪಂದ್ಯ ಸಾಹುಕಾರರ ಪಾಲಾಗಬಾರದು ಎಂದು ಹಿರಿಯರು ಒಂದು ನೇಮ ಮಾಡಿದ್ದರು. ಗಾಡಿಯ ಬೆಲೆ ಒಂದು ಜೋಡಿ ಎತ್ತಿನ ಬೆಲೆಗಿಂತ ಹೆಚ್ಚಿರಬಾರದು. ಬೆಲೆ ಸುಳ್ಳು ಹೇಳಿದರೆ? ಅದಕ್ಕೂ ಮದ್ದಿತ್ತು. ಮರುದಿನ ಮಧ್ಯಾಹ್ನದೊಳಗೆ ಯಾರಾದರೂ ಒಂದು ಜೋಡಿ ಎತ್ತು ಹೊಡೆದುಕೊಂಡು ಹೋಗಿ ಗೆದ್ದವನ ಬಾಗಿಲಿಗೆ ಕಟ್ಟಿದರೆ, ಅವನು ತುಟಿ ಪಿಟಕ್ಕೆನ್ನದೆ ಎತ್ತು ಇಟ್ಟುಕೊಂಡು ಗಾಡಿ ಕೊಡಬೇಕು. ಕಟ್ಟಿದ ಎತ್ತು ಬಿಚ್ಚುವಂತಿಲ್ಲ. ಎತ್ತಿನ ಬೆಲೆಗಿಂತ ಹೆಚ್ಚು ದುಡ್ಡನ್ನು ಎಂಜಿನ್ನಿಗೆ ಸುರಿದವನು ಹೀಗೆ ಕಳೆದುಕೊಳ್ಳುತ್ತಿದ್ದ. ಇದಕ್ಕೆ ಎತ್ತು ನಿಲ್ಲಿಸುವುದು ಎನ್ನುತ್ತಿದ್ದರು. ಇಷ್ಟು ವರ್ಷಗಳಲ್ಲಿ ಹಾಗೆ ನಿಲ್ಲಿಸಿದವರು ಇಬ್ಬರೇ.

ಪಂದ್ಯಕ್ಕೆ ಮೊದಲು ಪ್ರತಿ ಗಾಡಿಯನ್ನೂ ಪರೀಕ್ಷಿಸುವ ಪಂಚ ಪೇಂಟರ್ ಚಾಚಾ. ಬ್ರೇಕು, ಸ್ಟೇರಿಂಗು, ಚಾಸಿ, ಕೊನೆಗೆ ಉಗುರು. ಅವರು ಸರಿ ಎಂದರೆ ಸರಿ, ಇಲ್ಲ ಎಂದರೆ ಶಾಸಕರ ಅಳಿಯನಾದರೂ ಗಾಡಿ ಹಿಂದೆ ತಿರುಗಿಸಬೇಕು. ಅವರಿಗೆ ಇದರಿಂದ ಒಂದು ಲೋಟ ಮಜ್ಜಿಗೆಯ ಹೊರತು ಏನೂ ಸಿಗುತ್ತಿರಲಿಲ್ಲ. ನಾಲ್ಕೂ ಊರಿನಲ್ಲಿ ಅವರ ಮಾತಿಗೆ ಎದುರು ಮಾತಿಲ್ಲ ಎಂಬುದೇ ಅವರ ಗಳಿಕೆ.

ಒಂದು ವರ್ಷ ಪಂದ್ಯದ ಕಾರ್ಯದರ್ಶಿ, ಗದಗಿನ ಅರಳೆ ವ್ಯಾಪಾರಿಯೊಬ್ಬರ ಮಗ, ನನ್ನ ಛಾಪಖಾನೆಗೆ ಕರಪತ್ರದ ಕರಡು ತಂದ. ಅದರಲ್ಲಿ ಹೊಸ ಸಾಲೊಂದಿತ್ತು: ನೋಡಲು ಯೋಗ್ಯವಾದ ವಾಹನಗಳಿಗೆ ಮಾತ್ರ ಪ್ರವೇಶ. ಚಾಚಾ ಅಲ್ಲೇ ಕುಳಿತಿದ್ದರು. ಸಾಲನ್ನು ಓದಿಸಿ ಕೇಳಿದರು.

"ಯೋಗ್ಯ ಅಂದ್ರ ಏನು?"

"ಈ ಸಲ ಧಾರವಾಡದಿಂದ ಸಾಹೇಬ್ರು ಬರ್ತಾರ ಚಾಚಾ," ಎಂದ ಕಾರ್ಯದರ್ಶಿ. "ಅವರ ಮುಂದ ಗುಜರಿ ಮೆರವಣಿಗಿ ಮಾಡಾಕ ಆಗ್ತೈತೇನು? ಜಂಗ ಹಿಡದದ್ದು, ಬಾಗಲಿಗೆ ಹಗ್ಗಾ ಕಟ್ಟಿದ್ದು ಬ್ಯಾಡ. ಗಾಡಿಗೆ ಒಂದು ಕೈ ಬಣ್ಣಾ ಹಚ್ಚಸಲಾರದಾಂವ ಬ್ರೇಕಾದ್ರೂ ಹೆಂಗ ಸರಿ ಇಟ್ಟಿರ್ತಾನ?"

ನಾನು ಕಾರ್ಯದರ್ಶಿಯ ಪರ. ನನ್ನ ಕಾರು ಹೊಳೆಯುತ್ತಿತ್ತಲ್ಲ. ಸೊಟ್ಟಗೆ ಅಚ್ಚಾದ ಲಗ್ನಪತ್ರಿಕೆ ನೋಡಿದರೆ ಬೀಗರು ಮೂಗು ಮುರಿಯುತ್ತಾರೆ, ಕಾಣುವುದೂ ಮುಖ್ಯ ಎಂದು ದೊಡ್ಡ ಮಾತು ಆಡಿದೆ.

ಚಾಚಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಬಣ್ಣ ನನ್ನ ಹೊಟ್ಟಿರಿ. ಈ ನೇಮ ಮಾಡಿದ್ರ ಇಪ್ಪತ್ತ ಗಾಡಿ ನನ್ನ ಚಪ್ಪರಕ್ಕ ಬರ್ತಾವ. ಆದ್ರೂ ಬ್ಯಾಡ. ಬಣ್ಣಾ ಹಚ್ಚಸಾಕ ತಾಕತ್ತ ಇದ್ದಾಂವಗಷ್ಟ ಪಂದ್ಯ ಅಂದ್ರ ಎತ್ತಿನ ನೇಮ ಯಾಕ ಮಾಡಿದ್ರಿ? ಬ್ರೇಕ್ ನೋಡಾಕ ನಾ ಅದೀನಿ. ಮಾರಿ ಯಾಕ ನೋಡ್ತೀರಿ? ಚಂದ ಗಾಡಿನ ನಾ ಕೆದರಿ ನೋಡಬೇಕು, ಒಳಗ ಏನ ಮುಚ್ಯಾರ ಅಂತ. ಹೊಲಸ ಗಾಡಿ ಪಾಪ, ಇದ್ದದ್ದೆಲ್ಲಾ ಹೊರಗ ಇಟಗೊಂಡ ನಿಂತಿರ್ತೈತಿ."

ಅವರ ಮಾತಿಗೆ ಆ ವರ್ಷ ಬೆಲೆ ಸಿಕ್ಕಿತು. ಸಾಲನ್ನು ತೆಗೆದು ಕರಪತ್ರ ಅಚ್ಚು ಹಾಕಿದೆ. ಆದರೆ ಅವರು ಎದ್ದು ಹೋದ ಮೇಲೆ ಕಾರ್ಯದರ್ಶಿ ನನ್ನ ಕಡೆ ನೋಡಿದ, ನಾನು ಅವನ ಕಡೆ ನೋಡಿದೆ. ಮನೆ ಬಾಗಿಲಿಗೆ ಬಂದ ಕೆಲಸವನ್ನು ಯಾವ ಪೇಂಟರ್ ಒದೆಯುತ್ತಾನೆ? ಇದರಲ್ಲಿ ಏನೋ ಇದೆ ಎಂದು ಇಬ್ಬರಿಗೂ ಅನಿಸಿತು.

ಪಂದ್ಯ ಆ ಸಲ ಶಿರಹಟ್ಟಿಯ ಹತ್ತಿರ, ಒಂದು ಭಾನುವಾರ. ನಮ್ಮ ಸಾಲಿನಲ್ಲಿ ಶಿಗ್ಲಿಯವನೊಬ್ಬನ ಜೀಪು ನಿಂತಿತ್ತು. ಅವನು ಶಿಗ್ಲಿಯಿಂದ ಲಕ್ಷ್ಮೇಶ್ವರಕ್ಕೆ ಜನರನ್ನು ಕೂರಿಸಿಕೊಂಡು ಹೋಗುತ್ತಿದ್ದ ತೆಳ್ಳಗಿನ, ಮಾತು ಕಡಿಮೆಯ ಆಸಾಮಿ. ಜೀಪು ಮಾತ್ರ ಮೂಗಿನಿಂದ ಬಾಲದವರೆಗೆ ಜಂಗು, ಬರೀ ಕೆಂಪು ತುಕ್ಕು. ಚಾಚಾ ಅದರ ಬ್ರೇಕು ತುಳಿದು ನೋಡಿದರು. ಅಡಿಯಲ್ಲಿ ಮಲಗಿ ಚಾಸಿ ನೋಡಿದರು. ಸ್ಟೇರಿಂಗು ಅಲ್ಲಾಡಿಸಿದರು. ಎದ್ದು ಬಟ್ಟೆ ಝಾಡಿಸಿಕೊಂಡು, "ಹೂಂ, ಆತು," ಎಂದು ಮುಂದಿನ ಗಾಡಿಗೆ ಹೋದರು. ಉಗುರು ತಾಗಿಸಲಿಲ್ಲ.

ಉಳಿದ ಎಲ್ಲ ಗಾಡಿಗೂ ಗೀರಿದರು, ನನ್ನದಕ್ಕೂ, ಅವರೇ ಹಚ್ಚಿದ ಬಣ್ಣಕ್ಕೂ. ಆ ಒಂದಕ್ಕೆ ಮಾತ್ರ ಇಲ್ಲ. ಕರಡಿನಲ್ಲಿ ಬಿಟ್ಟುಹೋದ ಅಕ್ಷರ ನನ್ನ ಕಣ್ಣಿಗೆ ಬೀಳದಿರಲು ಸಾಧ್ಯವೇ?

ಶಿಗ್ಲಿಯ ಜೀಪೇ ಗೆದ್ದಿತು. ನಾನು ಎರಡನೆಯವನು. ಕೊನೆಯ ತಿರುವಿನಲ್ಲಿ ಅವನ ಧೂಳು ಕುಡಿದುಕೊಂಡು ಬಂದು ಇಳಿದಾಗ ನನಗೆ ಹೊಟ್ಟೆಕಿಚ್ಚಾಯಿತು ಎನ್ನುವುದು ಖರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆಗ ಅದಕ್ಕೆ ನಾನು ಕೊಟ್ಟ ಹೆಸರು ನ್ಯಾಯ. ಆ ಜಂಗಿನ ಕೆಳಗೆ ಯಾವುದೋ ದುಬಾರಿ ಎಂಜಿನ್ ಇದೆ, ಚಾಚಾನಿಗೆ ಅದರಲ್ಲಿ ಪಾಲಿದೆ, ಅದಕ್ಕೇ ಬಣ್ಣದ ನೇಮ ಬೇಡ ಎಂದರು ಎಂದು ಎಲ್ಲ ಜೋಡಿಸಿಕೊಂಡೆ. ಎಷ್ಟು ಚೆನ್ನಾಗಿ ಕೂಡಿಬಂತೆಂದರೆ ನನಗೆ ನನ್ನ ಬುದ್ಧಿಯ ಮೇಲೆಯೇ ಅಭಿಮಾನ ಬಂತು.

ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ತಾ ಕಳ್ಳ, ಪರರ ನಂಬ ಅಂತಾರ. ಸೋತೀರಿ, ಸುಮ್ಮನ ಉಣ್ರಿ," ಎಂದಳು.

ಉಣ್ಣಲಿಲ್ಲ. ಕಣಗಿನಹಾಳಕ್ಕೆ ಹೋಗಿ ಮಾವನ ಕೊಟ್ಟಿಗೆಯಿಂದ ಒಂದು ಜೋಡಿ ಎತ್ತು ಬಿಚ್ಚಿಸಿದೆ. ಒಂದು ದೊಡ್ಡ ಮೋಸ ಹೊರಗೆ ತರುತ್ತಿದ್ದೇನೆ, ಎತ್ತಿನ ಬದಲಿಗೆ ಎತ್ತಿಗಿಂತ ಬೆಲೆಬಾಳುವ ಜೀಪು ಬರುತ್ತದೆ ಎಂದು ಅವರನ್ನು ಒಪ್ಪಿಸಿದೆ. ಲಾರಿಯಲ್ಲಿ ಎತ್ತು ಹೇರಿಸಿಕೊಂಡು ಸೋಮವಾರ ಮಧ್ಯಾಹ್ನದೊಳಗೆ ಶಿಗ್ಲಿ ಮುಟ್ಟಿದೆ. ನಾನು ಎತ್ತು ಕಟ್ಟುವುದನ್ನು ಅವನು ಹೊಸ್ತಿಲ ಮೇಲೆ ನಿಂತು ನೋಡಿದ. ಅವನ ತಾಯಿ ಒಳಗಿನಿಂದ, "ಯಾರಪಾ, ಎತ್ತ ಯಾರವು?" ಎಂದಳು. ಅವನು ಒಳಗೆ ಹೋಗಿ ಕೀಲಿಕೈ ತಂದು ನನ್ನ ಕೈಗೆ ಹಾಕಿದ.

ಮರುದಿನ ಛಾಪಖಾನೆಯ ಅಂಗಳದಲ್ಲಿ ಎಂಜಿನ್ ಬಿಚ್ಚಿಸಿದೆ. ಮೇಸ್ತ್ರಿ ಅರ್ಧ ದಿನ ನೋಡಿ ಕೈ ಒರೆಸಿಕೊಂಡ. "ಏನಿಲ್ಲರಿ. ಹಳೇ ಎಂಜಿನ್ನು. ಚಲೋ ಇಟ್ಟಾನ, ಅಷ್ಟ," ಎಂದ. ನನಗೆ ನಂಬಿಕೆ ಬರಲಿಲ್ಲ. ಸೀಮೆಎಣ್ಣೆಯಲ್ಲಿ ಅರಿವೆ ಅದ್ದಿ ಬಾನೆಟ್ಟು ತಿಕ್ಕಿದೆ. ಜಂಗು ಅರಿವೆಗೆ ಬಂತು. ಇನ್ನೂ ತಿಕ್ಕಿದೆ. ಕೆಳಗೆ ತಿಳಿ ಹಸಿರು ಬಣ್ಣ, ಮುಖ ಕಾಣುವಷ್ಟು ಹೊಳಪು. ಜೀಪಿಗೆ ಜಂಗು ಹಿಡಿದಿರಲಿಲ್ಲ. ಕೆಮ್ಮಣ್ಣು, ಸರಸಿನ ಅಂಟು, ಇದ್ದಿಲು ಕಲಸಿ ಯಾರೋ ಜಂಗನ್ನು ಬಣ್ಣದ ಹಾಗೆ ಹಚ್ಚಿದ್ದರು. ಯಾರೋ ಏನು, ಅಷ್ಟು ನಯವಾಗಿ ಹಚ್ಚುವ ಕೈ ಸುತ್ತಮುತ್ತ ಒಂದೇ.

ಚಾಚಾನ ಚಪ್ಪರ ಅಲ್ಲಿಂದ ಹತ್ತು ನಿಮಿಷದ ದಾರಿ. ಹೋಗಿ ಕೇಳಬಹುದಿತ್ತು. ನಾನು ಹೋದದ್ದು ಕಾರ್ಯದರ್ಶಿಯ ಹತ್ತಿರ, ಕೈಯಲ್ಲಿ ಆ ಅರಿವೆ ಹಿಡಿದುಕೊಂಡು.

ಅರಳೆ ಗೋದಾಮಿನ ಅಂಗಳದಲ್ಲಿ ಪಂದ್ಯದವರನ್ನೆಲ್ಲ ಕರೆಸಿದರು. ನಾನು ಅರಿವೆ ತೋರಿಸಿದೆ. ಕಾರ್ಯದರ್ಶಿ ಕೇಳಿದ: "ಚಾಚಾ, ಇದನ್ನ ನೀವ ಹಚ್ಚಿದ್ದೇನು?"

"ಹೌದು."

"ಪಂಚ ಆಗಿ ನೀವ ಹಚ್ಚಿದ ಗಾಡಿನ ನೀವ ಪಾಸ್ ಮಾಡಿದ್ರೇನು?"

"ಹೌದು. ಬ್ರೇಕ್ ಸರಿ ಇತ್ತು."

"ಯಾಕ ಹಚ್ಚಿದ್ರಿ?"

ಅವರು ಕಾರ್ಯದರ್ಶಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಬಹಳ ಹೊತ್ತೇನೂ ಅಲ್ಲ. "ಹಚ್ಚಬಾರದಿತ್ತು. ತಪ್ಪ ನಂದು. ಇನ್ನ ಪಂಚ ಬ್ಯಾರೆಯವರನ್ನ ನೋಡಕೊಳ್ರಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ಕಾರಣ ಹೇಳದ ಮೇಲೆ ಜನ ತಾವೇ ಕಾರಣ ಹುಡುಕಿಕೊಂಡರು. ಸಂಜೆಗೆ ಗದಗಿನಲ್ಲಿ ಒಂದು ಕಥೆ, ಮರುದಿನ ಮುಂಡರಗಿಯಲ್ಲಿ ಅದಕ್ಕೆ ಬಾಲ, ವಾರದೊಳಗೆ ಲಕ್ಷ್ಮೇಶ್ವರದಲ್ಲಿ ಅದಕ್ಕೆ ಕೋಡು.

ಹದಿನೈದು ದಿನವಾದ ಮೇಲೆ ಶಿಗ್ಲಿಯವನು ನನ್ನ ಛಾಪಖಾನೆಗೆ ಬಂದ. ಜಗಳಕ್ಕೆ ಬಂದ ಎಂದುಕೊಂಡು ನಾನು ಎದ್ದು ನಿಂತೆ. ಅವನು ಹೆಗಲ ಮೇಲಿಂದ ಒಂದು ಗಾಲಿ ಇಳಿಸಿದ.

"ಸ್ಟೆಪ್ನಿರಿ. ಮನ್ಯಾಗ ಉಳದಿತ್ತು. ಜೀಪಿನ ಜೋಡಿನ ಕೊಡೂದಿತ್ತು," ಎಂದ.

ಬಸ್ಸಿನ ಟಾಪಿನ ಮೇಲೆ ಗಾಲಿ ಹಾಕಿಕೊಂಡು ಬಂದಿದ್ದಾನೆ, ನನ್ನಂಥವನಿಗೆ ಕೊಡಲು. ಕೂರಿಸಿ ಚಹಾ ತರಿಸಿದೆ. ಆಗ ಕೇಳಿದೆ, ಜಂಗು ಯಾಕೆ ಹಚ್ಚಿಸಿದೆ ಎಂದು.

"ನಾ ಹಚ್ಚಿಸಲಿಲ್ಲರಿ. ನನಗ ಓಡಸೂ ಆಸೆ. ಆದ್ರ ಗೆದ್ದಮ್ಯಾಲ ಯಾರರ ಎತ್ತ ನಿಲ್ಲಿಸಿದ್ರ ನನ್ನ ಗತಿ ಏನು? ನನಗ ಹೊಲಾ ಇಲ್ಲರಿ. ಒಂದ ಕೂರಗಿಯಷ್ಟೂ ಇಲ್ಲ. ಎತ್ತ ಕಟಗೊಂಡು ನಾ ಏನ ಮಾಡ್ಲಿ? ಅದಕ್ಕ ಮೂರ ವರ್ಷ ನೋಡಕೋತ ಕುಂತಿದ್ದೆ. ಚಾಚಾಗ ಹೇಳಿದೆ. ಅವರ ಅಂದ್ರು, ತಾಯಿ ಕೂಸಿನ ಗಲ್ಲಕ್ಕ ದೃಷ್ಟಿಬೊಟ್ಟ ಇಡಂಗಿಲ್ಲೇನು, ಹಂಗ ಇಡೂಣು. ಇಂಥಾ ಹೊಲಸ ಜೀಪಿಗೆ ಯಾರೂ ಎತ್ತ ಕಳಕೊಳ್ಳಂಗಿಲ್ಲ, ನೀ ಓಡಸು ಅಂದ್ರು."

ಎತ್ತಿನ ನೇಮವನ್ನು ನಾವೆಲ್ಲ ಬಡವರಿಗಾಗಿ ಮಾಡಿದ್ದು ಎಂದು ಎದೆ ತಟ್ಟಿಕೊಳ್ಳುತ್ತಿದ್ದೆವು. ಹೊಲವಿಲ್ಲದವನ ಬಾಗಿಲಲ್ಲಿ ಎತ್ತು ಕಟ್ಟಿದರೆ ಅವು ಅವನನ್ನೇ ತಿನ್ನುತ್ತವೆ ಎಂದು ನಮ್ಮಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ಅವನು ಮೇವು ಸಾಲದೆ ಆ ಎತ್ತುಗಳನ್ನು ಆಗಲೇ ಮಾರಿ, ಲಕ್ಷ್ಮೇಶ್ವರದಲ್ಲಿ ಹಮಾಲಿ ಮಾಡುತ್ತಿದ್ದ.

ನೇಮದ ಮನೆ ಹಾಳಾಗಲಿ ಎಂದು ಜೀಪಿಗೆ ಎಂಜಿನ್ ಕೂಡಿಸಿ, ಶಿಗ್ಲಿಗೆ ಓಡಿಸಿಕೊಂಡು ಹೋಗಿ ಅವನ ಬಾಗಿಲಲ್ಲಿ ಬಿಟ್ಟು ಬಂದೆ. ನನ್ನ ಮರೂನ್ ಕಾರು ಮಾರಿ ಮಾವನಿಗೆ ಬೇರೆ ಎತ್ತು ಕೊಡಿಸಿದೆ. ಮಾವ ಎರಡು ವರ್ಷ ನನ್ನ ಜೊತೆ ಮಾತು ಬಿಟ್ಟರು. ಮಾಡಿದ್ದುಣ್ಣೋ ಮಹಾರಾಯ ಎನ್ನುವಂತೆ ಅದನ್ನು ಉಂಡೆ. ಜೀಪು ಹಿಂದಿರುಗಿತು, ಎತ್ತಿನ ಜಾಗಕ್ಕೆ ಎತ್ತು ಬಂದವು. ಚಾಚಾನ ಹೆಸರು ಮಾತ್ರ ಹಿಂದಿರುಗಲಿಲ್ಲ.

ಪ್ರಯತ್ನವನ್ನೇ ಮಾಡಲಿಲ್ಲ ಎಂದಲ್ಲ. ಕಾರ್ಯದರ್ಶಿಯ ಬಳಿ ಹೋಗಿ ಎಲ್ಲ ಹೇಳಿದೆ. ಅವನು ಕೇಳಿಸಿಕೊಂಡು, ಮುಗುಳ್ನಕ್ಕು, "ಜೀಪೂ ಹೊಳ್ಳಿ ಕೊಟ್ರಂತ? ನಿಮಗೂ ಅದರಾಗ ಏನರ ಪಾಲ ಇತ್ತೇನ್ರಿ?" ಎಂದ. ನಾನು ಹಚ್ಚಿದ ಬೆಂಕಿ ನನ್ನ ಧೋತರದ ಅಂಚಿಗೂ ಹತ್ತುತ್ತಿದೆ ಎಂದು ಕಂಡಾಗ ಸುಮ್ಮನಾದೆ. ನನಗೆ ಸಾರ್ವಜನಿಕರ ಕೆಲಸ ಬೇಕು, ಲಗ್ನಪತ್ರಿಕೆ ಬೇಕು, ಹೆಸರು ಬೇಕು. ಸುಮ್ಮನಾದದ್ದು ಹೇಡಿತನ, ಬೇರೆ ಶಬ್ದ ಹುಡುಕುವುದಿಲ್ಲ.

ಮುಂದಿನ ವರ್ಷ ಬಣ್ಣದ ನೇಮ ಬಂತು. ಆ ಸಾಲನ್ನು ನಾನೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದೆ. ಆರೇ ಗಾಡಿ ಬಂದವು, ಆರೂ ಮದುಮಕ್ಕಳ ಹಾಗೆ. ಗೀರು ಬಿದ್ದೀತೆಂದು ಒಂದಕ್ಕೊಂದು ದೂರ ಸರಿದು ಓಡಿದವು. ಅದರ ಮುಂದಿನ ವರ್ಷ ಪಂದ್ಯವೇ ನಡೆಯಲಿಲ್ಲ. ಚಾಚಾ ಪಂದ್ಯದ ಗಾಡಿ ಒಂದಕ್ಕೂ ಬಣ್ಣ ಹಚ್ಚಲಿಲ್ಲ. ಅಂಗಡಿ ಬೋರ್ಡು, ಎತ್ತಿನ ಕೋಡು, ಮದುವೆಯ ಟ್ರಂಕು ಎಂದು ದಿನ ದೂಡಿದರು. ರಸ್ತೆಯಲ್ಲಿ ಸಿಕ್ಕರೆ ನನಗೇ ಮೊದಲು ಸಲಾಮು ಮಾಡುತ್ತಿದ್ದರು. ಅದರಲ್ಲೂ ಏನೋ ಇದೆ ಎಂದು ನಾನು ಕೆಲವು ದಿನ ಸಂಶಯಪಟ್ಟೆ. ಏನೂ ಇರಲಿಲ್ಲ.

ಎಂಬತ್ತರ ದಶಕದ ಕೊನೆಗೆ ಅವರ ಎದೆ ಕೆಟ್ಟಿತು. ಮೂವತ್ತು ನಲವತ್ತು ವರ್ಷ ಬಣ್ಣದ ಗಾಳಿ ಕುಡಿದ ಎದೆ. ಅವರು ತೀರಿಕೊಳ್ಳುವ ಎಂಟು ದಿನ ಮುಂಚೆ ನಾನು ಅವರ ಮನೆಗೆ ಹೋದೆ. ಸೊಸೆ ಒಳಗೆ ಕರೆದಳು. ಹೊರಸಿನ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಹೇಗಿದ್ದೀರಿ, ಔಷಧ ಯಾರದು ಎಂದೆಲ್ಲ ಕೇಳಿ ಮುಗಿಸಿದ ಮೇಲೆ, ಇಷ್ಟು ವರ್ಷ ಕೇಳದೆ ಉಳಿಸಿಕೊಂಡದ್ದನ್ನು ಕೇಳಿದೆ.

"ಚಾಚಾ, ಅವತ್ತ ಗೋದಾಮಿನ್ಯಾಗ ಯಾಕ ಹೇಳಲಿಲ್ಲ? ಅಂವಗ ಹೊಲಾ ಇಲ್ಲ, ಅದಕ್ಕ ಹಚ್ಚಿದೆ ಅಂತ ಒಂದ ಮಾತ ಅಂದಿದ್ರ..."

ಕೆಮ್ಮು ನಿಲ್ಲುವವರೆಗೆ ಅವರು ಕಾದರು. "ಜೀಪಿನ ಆಸೆ ಇದ್ದ ಮಂದಿಗೆ ಹೆದರಿ ಜಂಗ ಹಚ್ಚಿದೆ ನೋಡ್ರಿ. ಸಂಶೇದ ಮಂದಿ ಇರ್ತಾರನ್ನೂದು ಮರತಿದ್ದೆ," ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಬಣ್ಣ ಕಲಸುವಾಗ ಎಣ್ಣೆ ಹೆಚ್ಚಾಯಿತು ಎನ್ನುವ ಹಾಗೆ ಹೇಳಿದರು. ಆಮೇಲೆ ಕೇಳಿದರು: "ಹೇಳಿದ್ರ ನೀವು ನಂಬ್ತಿದ್ರೇನು?"

ಹೂಂ ಎನ್ನಬಹುದಿತ್ತು. ಸಾಯುವ ಮನುಷ್ಯ, ಒಂದು ಹೂಂ ಕೇಳಿ ಸಮಾಧಾನಪಟ್ಟುಕೊಳ್ಳುತ್ತಿದ್ದರು. ಆದರೆ ಆ ಮುದುಕನ ಮುಂದೆ ಸುಳ್ಳಿಗೆ ಇನ್ನೊಂದು ಕೈ ಬಣ್ಣ ಹಚ್ಚಲು ನನಗೆ ಆಗಲಿಲ್ಲ.

"ಇಲ್ಲ ಚಾಚಾ. ನಂಬ್ತಿರಲಿಲ್ಲ."

ಅವರು ತಲೆಯಾಡಿಸಿದರು. ಅಷ್ಟು ಹೊತ್ತೂ ನಾನು ಬಾಗಿಲ ಹತ್ತಿರ ನಿಂತೇ ಇದ್ದೆ. ಅವರು ಕಾಲು ಮಡಚಿಕೊಂಡು, ಹೊರಸಿನ ಮೇಲೆ ಗೋಡೆಯ ಕಡೆ ಸರಿದು, ನನಗೆ ಕೂರಲು ಜಾಗ ಮಾಡಿಕೊಟ್ಟರು.